ದನ, ಧನ ಮತ್ತು ಒಂದು ಸಣ್ಣ ಸೀಳು: ಲ್ಯಾಪ್‌ಟಾಪ್ ಕೊಳ್ಳೋ ಮುಂಚೆ ‘ನೇಟಿವ್ ರೆಸಲ್ಯೂಷನ್’ ಅರ್ಥ ಮಾಡ್ಕೊಳ್ಳಿ

(ಈ ವಾರದ ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

 

ಈ ಸಲದ ವಿಷಯ ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತೆ. ಮಳವಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪ ಒಂದು ಸಣ್ಣ ಜೆರಾಕ್ಸ್ ಅಂಗಡಿ ಇಟ್ಕೊಂಡಿದ್ದಾರೆ. ಜೆರಾಕ್ಸ್ ಜೊತೆ ಪಹಣಿ ತೆಗೆದುಕೊಡೋದು, ಪಿಂಚಣಿ ಅರ್ಜಿ ತುಂಬೋದು, ಸ್ಕಾಲರ್‌ಶಿಪ್ ಅರ್ಜಿ ತುಂಬೋದು, ಎಲ್ಲಾ ನಡೆಯುತ್ತೆ. ಎರಡು ವರ್ಷದ ಹಿಂದೆ ಅವರು ಹೊಸ ಲ್ಯಾಪ್‌ಟಾಪ್ ತಗೊಂಡ್ರು. ಮೊದಲ ದಿನವೇ ನನಗೆ ಫೋನ್: “ಅಕ್ಷರ ಬಲು ಚಿಕ್ಕದಾಗಿ ಕಾಣ್ತವೆ ಕಣೋ, ವಸಿ ದಪ್ಪ ಮಾಡ್ಕೊಡು ಬಾ.” ಹೋದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆಗೆದು, ರೆಸಲ್ಯೂಷನ್ 1920×1080 ಇದ್ದದ್ದನ್ನ 1366×768ಕ್ಕೆ ಇಳಿಸಿದೆ. ಅಕ್ಷರ ದಪ್ಪ ಆಯ್ತು. ಚಿಕ್ಕಪ್ಪ ಕಾಫಿ ಕೊಡಿಸಿದ್ರು. ಕೆಲಸ ಮುಗೀತು ಅಂತ ನಾನು ವಾಪಸ್ ಬಂದೆ.

ಹೋದ ತಿಂಗಳು ಮತ್ತೆ ಹೋದಾಗ ಅವರು ಹೇಳಿದ್ದು ಬೇರೆ. ಕಣ್ಣು ಮಂಜಾಗ್ತಿದೆ, ಸಂಜೆ ಹೊತ್ತಿಗೆ ತಲೆನೋವು, ಕನ್ನಡಕದ ನಂಬರ್ ನೋಡಿಸಿದ್ರೆ ಅದೇ ನಂಬರ್, ಬದಲಾಗಿಲ್ಲ ಅಂದ್ರಂತೆ. ಇನ್ನೊಂದು ವಿಷಯ ಅವರನ್ನ ಜಾಸ್ತಿ ಕೊರೀತಿತ್ತು. ಒಬ್ಬ ಅಜ್ಜಿಯ ಪಿಂಚಣಿ ಅರ್ಜಿಯಲ್ಲಿ ಹೆಸರಿನ ಮೊದಲ ಅಕ್ಷರ ‘ಧ’ ಆಗ್ಬೇಕಿತ್ತು, ‘ದ’ ಆಗಿತ್ತು. ಕಳಿಸೋ ಮುಂಚೆ ಸ್ಕ್ರೀನ್ ಮೇಲೆ ಎರಡು ಸಲ ಓದಿದ್ದಾರೆ, ಕಂಡಿಲ್ಲ. ಹೆಸರು ಹೊಂದ್ತಾ ಇಲ್ಲ ಅಂತ ಅರ್ಜಿ ವಾಪಸ್ ಬಂತು. ಆ ಅಜ್ಜಿ ಕೂಲಿ ಬಿಟ್ಟು ಇನ್ನೊಂದು ದಿನ ಬರಬೇಕಾಯ್ತು.

ನಾನು ಆ ಲ್ಯಾಪ್‌ಟಾಪ್ ಮುಂದೆ ಕೂತೆ. ನಾನೇ ಎರಡು ವರ್ಷದ ಹಿಂದೆ ಮಾಡಿಟ್ಟ ಸೆಟ್ಟಿಂಗ್ ಹಾಗೇ ಇತ್ತು. ಆ ತಪ್ಪಿಗೆ ಸ್ಕ್ರೀನ್ ಒಂದೇ ಕಾರಣ ಅಂತ ಹೇಳೋಕೆ ನನ್ನತ್ರ ಪುರಾವೆ ಇಲ್ಲ. ಆದ್ರೆ ಆ ಸ್ಕ್ರೀನ್ ಮೇಲೆ ‘ದನ’ ಮತ್ತು ‘ಧನ’ ಎರಡೂ ಪಕ್ಕಪಕ್ಕ ಟೈಪ್ ಮಾಡಿ ನೋಡಿದೆ. ಎರಡಕ್ಕೂ ಇರೋ ವ್ಯತ್ಯಾಸ ಅಂದ್ರೆ ಅಕ್ಷರದ ಕೆಳಗಿನ ಒಂದು ಸಣ್ಣ ಸೀಳು. ಅದು ಬೂದು ಬಣ್ಣದ ಮಬ್ಬಲ್ಲಿ ಕರಗಿಹೋಗಿತ್ತು.

ಇವತ್ತು ಆ ಮಬ್ಬು ಎಲ್ಲಿಂದ ಬರುತ್ತೆ, ಅದು ಬರದ ಹಾಗೆ ಸ್ಕ್ರೀನ್ ಆರಿಸೋದು ಹೇಗೆ ಅಂತ ನೋಡೋಣ. ನಾನು ಬಿ.ಕಾಂ. ಓದಿದವನು, ಇಂಜಿನಿಯರ್ ಅಲ್ಲ. ಅದಕ್ಕೇ ನನಗೆ ಅರ್ಥ ಆಗೋ ಲೆಕ್ಕದಲ್ಲೇ ಹೇಳ್ತೀನಿ.

ಚುಕ್ಕಿ ರಂಗೋಲಿ ಲೆಕ್ಕ

ಲ್ಯಾಪ್‌ಟಾಪ್ ಸ್ಕ್ರೀನ್ ಅಂದ್ರೆ ಸಾಲಾಗಿ ಇಟ್ಟಿರೋ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದು ಪಿಕ್ಸೆಲ್. ಕಾರ್ಖಾನೆಯಲ್ಲಿ ಆ ಪ್ಯಾನೆಲ್ ತಯಾರಾದಾಗಲೇ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಅಂತ ನಿಗದಿ ಆಗಿಹೋಗಿರುತ್ತೆ. ಆಮೇಲೆ ಯಾವ ಸೆಟ್ಟಿಂಗ್ ಬದಲಾಯಿಸಿದ್ರೂ ಒಂದು ಚುಕ್ಕಿ ಹೆಚ್ಚಾಗಲ್ಲ, ಒಂದು ಕಮ್ಮಿ ಆಗಲ್ಲ. ಹುಟ್ಟಿನಿಂದ ಬಂದ ಆ ಸಂಖ್ಯೆಯೇ ನೇಟಿವ್ ರೆಸಲ್ಯೂಷನ್.

ಮನೆ ಮುಂದೆ ಅಮ್ಮ ರಂಗೋಲಿಗೆ ಚುಕ್ಕಿ ಇಟ್ಟಾಯ್ತು ಅನ್ಕೊಳ್ಳಿ, ಒಂದು ಸಾಲಿಗೆ 14 ಚುಕ್ಕಿ. ನಿಮ್ಮ ಕೈಲಿರೋ ಪುಸ್ತಕದಲ್ಲಿರೋದು 14 ಚುಕ್ಕಿಯ ರಂಗೋಲಿ ಆದ್ರೆ ಗೆರೆ ಸರಿಯಾಗಿ ಕೂರುತ್ತೆ. ಪುಸ್ತಕದಲ್ಲಿ 10 ಚುಕ್ಕಿಯ ಚಿತ್ರ ಇದ್ದು, ಅದನ್ನ ಇದೇ 14 ಚುಕ್ಕಿ ಮೇಲೆ ಅಂಗಳ ತುಂಬೋ ಹಾಗೆ ಬಿಡಿಸು ಅಂದ್ರೆ? ಪುಸ್ತಕದ ಒಂದು ಚುಕ್ಕಿಗೆ ನೆಲದ ಮೇಲೆ 1.4 ಚುಕ್ಕಿ ಬರಬೇಕು. ಆ 0.4 ಚುಕ್ಕಿಯನ್ನ ಎಲ್ಲಿ ಇಡ್ತೀರಾ?

ನಾನು ಚಿಕ್ಕಪ್ಪನ ಲ್ಯಾಪ್‌ಟಾಪಿಗೆ ಮಾಡಿದ್ದು ಇದನ್ನೇ. 1920ನ್ನ 1366ರಿಂದ ಭಾಗಿಸಿ ನೋಡಿ, ಸುಮಾರು 1.4 ಬರುತ್ತೆ. ಕಂಪ್ಯೂಟರ್ ಅಕ್ಷರವನ್ನ 1366 ಚುಕ್ಕಿಯ ಲೆಕ್ಕದಲ್ಲಿ ಬರೆಯುತ್ತೆ, ಆಮೇಲೆ ಆ ಚಿತ್ರವನ್ನ 1920 ಚುಕ್ಕಿಗೆ ಎಳೆಯುತ್ತೆ. ಕಪ್ಪು ಮತ್ತು ಬಿಳಿ ಮಧ್ಯೆ ಬರೋ ಅರೆಬರೆ ಚುಕ್ಕಿಗಳಿಗೆ ಸರಾಸರಿ ಬಣ್ಣ ಹಾಕುತ್ತೆ. ಸರಾಸರಿ ಅಂದ್ರೆ ಬೂದು. ಅಲ್ಲೇ ಮಬ್ಬು ಹುಟ್ಟೋದು.

ಹಳೇ ಡಬ್ಬಾ ಮಾನಿಟರ್ ನೆನಪಿರೋರು “ನಾವು ಸ್ಕೂಲಲ್ಲಿ 800×600, 1024×768 ಅಂತ ಬೇಕಾದ್ದು ಇಟ್ಕೊಳ್ತಿದ್ವಲ್ಲ” ಅನ್ನಬಹುದು. ನಿಜ. ಆ ಸಿ.ಆರ್.ಟಿ. ಮಾನಿಟರಿನಲ್ಲಿ ಎಲೆಕ್ಟ್ರಾನ್ ಕಿರಣ ಪರದೆ ಮೇಲೆ ಗೆರೆ ಎಳೀತಿತ್ತು. ಎಷ್ಟು ಗೆರೆ ಅನ್ನೋದನ್ನ ಬದಲಾಯಿಸಬಹುದಿತ್ತು, ಎಲ್ಲವೂ ಹೆಚ್ಚುಕಮ್ಮಿ ಒಂದೇ ಥರ ಕಾಣ್ತಿತ್ತು. ಎಲ್.ಸಿ.ಡಿ. ಹಾಗಲ್ಲ, ಒ.ಎಲ್.ಇ.ಡಿ.ಯೂ ಹಾಗಲ್ಲ. ಇವಕ್ಕೆ ಚುಕ್ಕಿ ಖಾಯಂ. ರೆಸಲ್ಯೂಷನ್ ಅನ್ನೋದು ವಾಲ್ಯೂಮ್ ಥರ ಏರಿಸಿ ಇಳಿಸೋ ವಿಷಯ ಅಂತ ನಾವು ಆ ಕಾಲದಿಂದ ಕಲಿತಿದ್ದೇವೆ. ಆ ಅಭ್ಯಾಸವೇ ಇವತ್ತಿನ ತಪ್ಪು.

ಕನ್ನಡಕ್ಕೆ ಯಾಕೆ ಜಾಸ್ತಿ ಏಟು?

ಇಂಗ್ಲಿಷ್ ಅಕ್ಷರ ಬಹುತೇಕ ನೆಟ್ಟಗಿನ ಗೆರೆ, ಅಡ್ಡ ಗೆರೆ. ಸ್ವಲ್ಪ ಮಬ್ಬಾದ್ರೂ ಓದಬಹುದು. ನಮ್ಮ ಅಕ್ಷರ ಪೂರಾ ಸುರುಳಿ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ಮಧ್ಯದಲ್ಲಿ ಮೂಲ ಅಕ್ಷರ. ಇದೆಲ್ಲಾ ಒಂದೇ ಸಾಲಿನ ಎತ್ತರದಲ್ಲಿ ಹಿಡೀಬೇಕು. ದ-ಧ, ಬ-ಭ, ಪ-ಫ ನಡುವೆ ವ್ಯತ್ಯಾಸ ಒಂದು ಸೀಳು ಮಾತ್ರ. ಬಾರ ಅಂದ್ರೆ ಅರ್ಥ ಬೇರೆ, ಭಾರ ಅಂದ್ರೆ ಬೇರೆ.

ಲೆಕ್ಕ ಹಾಕೋಣ. 11 ಪಾಯಿಂಟ್ ಅಕ್ಷರಕ್ಕೆ ವಿಂಡೋಸ್ 100% ಸ್ಕೇಲ್‌ನಲ್ಲಿ ಸುಮಾರು 15 ಪಿಕ್ಸೆಲ್ ಎತ್ತರ ಕೊಡುತ್ತೆ. ಗುಡಿಸು, ಅಕ್ಷರ, ಒತ್ತು ಎಲ್ಲಾ ಸೇರಿ 15 ಚುಕ್ಕಿ. ಅದರಲ್ಲಿ ‘ಧ’ದ ಸೀಳಿಗೆ ಸಿಗೋದು ಒಂದು ಚುಕ್ಕಿಯೋ ಎರಡೋ. ಆ ಒಂದು ಚುಕ್ಕಿಯನ್ನ 1.4 ಚುಕ್ಕಿಗೆ ಎಳೆದು ಬೂದು ಬಳಿದ್ರೆ ಏನು ಉಳಿಯುತ್ತೆ ಹೇಳಿ.

ಇದರ ಮೇಲೆ ಇನ್ನೊಂದಿದೆ. ಸಾಮಾನ್ಯ ಎಲ್.ಸಿ.ಡಿ.ಯಲ್ಲಿ ಪ್ರತಿ ಪಿಕ್ಸೆಲ್ ಒಳಗೂ ಕೆಂಪು, ಹಸಿರು, ನೀಲಿ ಅಂತ ಮೂರು ಸಣ್ಣ ಪಟ್ಟಿ ಇರುತ್ವೆ. ಮೈಕ್ರೋಸಾಫ್ಟ್ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತಂದ ಕ್ಲಿಯರ್‌ಟೈಪ್ ಅನ್ನೋ ತಂತ್ರ ಈ ಮೂರು ಪಟ್ಟಿಗಳನ್ನ ಬೇರೆ ಬೇರೆಯಾಗಿ ಬಳಸಿ ಅಕ್ಷರದ ಅಂಚನ್ನ ನಯ ಮಾಡುತ್ತೆ. ಅದು ಕೆಲಸ ಮಾಡಬೇಕಾದ್ರೆ ಯಾವ ಪಟ್ಟಿ ಎಲ್ಲಿದೆ ಅಂತ ಅದಕ್ಕೆ ಕರಾರುವಾಕ್ಕಾಗಿ ಗೊತ್ತಿರಬೇಕು. ನೇಟಿವ್ ಬಿಟ್ಟು ಬೇರೆ ರೆಸಲ್ಯೂಷನ್ ಇಟ್ಟ ತಕ್ಷಣ ಆ ಹೊಂದಾಣಿಕೆ ತಪ್ಪುತ್ತೆ. ನಯ ಮಾಡೋಕೆ ಬಂದ ತಂತ್ರವೇ ಅಕ್ಷರದ ಸುತ್ತ ಬಣ್ಣದ ಕಲೆ ಬಿಡುತ್ತೆ.

ಹಾಗಾದ್ರೆ ಅಕ್ಷರ ದೊಡ್ಡದು ಮಾಡೋದು ಹೇಗೆ?

ರೆಸಲ್ಯೂಷನ್ ಮುಟ್ಟಬೇಡಿ. ಅದರ ಹತ್ತಿರವೇ ‘ಸ್ಕೇಲ್’ ಅಂತ ಇನ್ನೊಂದು ಆಯ್ಕೆ ಇರುತ್ತೆ: 100%, 125%, 150% ಹೀಗೆ. ಅದನ್ನ ಬದಲಾಯಿಸಿ.

ಎರಡಕ್ಕೂ ಏನು ವ್ಯತ್ಯಾಸ? ಚಿಕ್ಕಪ್ಪನ ಲ್ಯಾಪ್‌ಟಾಪನ್ನೇ ತಗೊಳ್ಳಿ. ನಾನು ಮಾಡಿದ್ದು: 15 ಚುಕ್ಕಿಯಲ್ಲಿ ಬರೆದ ಅಕ್ಷರವನ್ನ ಫೋಟೋ ಥರ ಹಿಗ್ಗಿಸಿ 21 ಚುಕ್ಕಿ ಎತ್ತರಕ್ಕೆ ಎಳೆದದ್ದು. ನಾನು ಮಾಡಬೇಕಾಗಿದ್ದದ್ದು: ರೆಸಲ್ಯೂಷನ್ 1920×1080ರಲ್ಲೇ ಬಿಟ್ಟು ಸ್ಕೇಲ್ 150% ಮಾಡೋದು. ಆಗ ಕಂಪ್ಯೂಟರ್ ಮೊದಲಿಂದಲೇ 22 ಚುಕ್ಕಿಯಲ್ಲಿ ಅಕ್ಷರ ಬರೆಯುತ್ತೆ. ಕಣ್ಣಿಗೆ ಎರಡೂ ಹೆಚ್ಚುಕಮ್ಮಿ ಒಂದೇ ಗಾತ್ರ. ಆದ್ರೆ ಒಂದು ಸಣ್ಣ ಫೋಟೋವನ್ನ ದೊಡ್ಡದಾಗಿ ಜೆರಾಕ್ಸ್ ಮಾಡಿದ ಹಾಗೆ, ಇನ್ನೊಂದು ದಪ್ಪ ಪೆನ್ನಲ್ಲಿ ಹೊಸದಾಗಿ ಬರೆದ ಹಾಗೆ.

ಅವತ್ತು ಅಂಗಡಿಯಲ್ಲಿ ಹಾಗೇ ಬದಲಾಯಿಸಿದೆ. ಅರ್ಧ ನಿಮಿಷದ ಕೆಲಸ. ಚಿಕ್ಕಪ್ಪ ಪಹಣಿಯ ಪುಟ ತೆಗೆದು ಸರ್ವೆ ನಂಬರ್, ಹಿಸ್ಸಾ ನಂಬರ್, ಎಕರೆ, ಗುಂಟೆ ಎಲ್ಲಾ ಓದಿದ್ರು. ಆಮೇಲೆ ನನ್ನ ಕಡೆ ತಿರುಗಿ, “ಎರಡು ವರ್ಷ ನಂಗೆ ವಯಸ್ಸಾಯ್ತು ಅಂದ್ಕೊಂಡಿದ್ನಲ್ಲೋ” ಅಂದ್ರು. ನಾನು ಏನೂ ಹೇಳಲಿಲ್ಲ. ಈ ಸಲ ಕಾಫಿ ನಾನೇ ಕೊಡಿಸಿದೆ.

ನಿಮ್ಮ ಮನೇಲಿ, ಅಪ್ಪ-ಅಮ್ಮನ ಲ್ಯಾಪ್‌ಟಾಪಲ್ಲಿ, ನೀವು ಅರ್ಜಿ ಹಾಕಿಸೋ ಸೈಬರ್ ಸೆಂಟರಲ್ಲಿ ಇದನ್ನ ಒಂದು ಸಲ ನೋಡಿ. ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ಡಿಸ್‌ಪ್ಲೇ. ‘ಡಿಸ್‌ಪ್ಲೇ ರೆಸಲ್ಯೂಷನ್’ ಪಟ್ಟಿಯಲ್ಲಿ ಯಾವುದರ ಪಕ್ಕ ‘ರೆಕಮೆಂಡೆಡ್’ ಅಂತ ಇದೆಯೋ ಸಾಮಾನ್ಯವಾಗಿ ಅದೇ ನೇಟಿವ್.

ಮದ್ದೂರಿನ ಪ್ರಶ್ನೆ: ಸೆಕೆಂಡ್‌ಹ್ಯಾಂಡ್ ತಗೋಬಹುದಾ?

ಈಗ ಕೊಳ್ಳೋ ವಿಷಯಕ್ಕೆ ಬರೋಣ. ಮದ್ದೂರಿಂದ ಒಬ್ಬ ಬಿ.ಕಾಂ. ವಿದ್ಯಾರ್ಥಿನಿ ವಾಯ್ಸ್ ಮೆಸೇಜ್ ಕಳಿಸಿದ್ರು. ಕಬ್ಬಿನ ದುಡ್ಡು ಬಂದಾಗ ಅಪ್ಪ ಲ್ಯಾಪ್‌ಟಾಪ್‌ಗೆ ಅಂತ ಒಂದಿಷ್ಟು ಎತ್ತಿಟ್ಟಿದ್ದಾರೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ರಿಫರ್ಬಿಷ್ಡ್ ಥಿಂಕ್‌ಪ್ಯಾಡ್ ಟಿ480 ತಗೋಬೇಕು ಅಂತಿದ್ದಾರೆ. ಎರಡು ಕಡೆ ವಿಚಾರಿಸಿದ್ರೆ ಎರಡು ರೇಟು. ಒಂದೇ ಮಾಡೆಲ್, ಒಂದೇ ರ್‍ಯಾಮ್. ಯಾಕೆ?

ಕಾರಣ ಬೇರೆ ಬೇರೆ ಇರಬಹುದು. ಆದ್ರೆ ಮೊದಲು ನೋಡಬೇಕಾದ್ದು ಸ್ಕ್ರೀನ್. ಲೆನೊವೊ 2018ರಲ್ಲಿ ತಂದ ಟಿ480, ಅದೇ ಹೆಸರಲ್ಲಿ, ಅದೇ ಮೈಕಟ್ಟಲ್ಲಿ ಮೂರು ಥರದ ಪ್ಯಾನೆಲ್ ಜೊತೆ ಬಂದಿತ್ತು: 1366×768, 1920×1080 ಮತ್ತು 2560×1440. ಕಂಪನಿಗಳಿಗೆ ಸಾವಿರಗಟ್ಟಲೆ ಮಾರೋ ಬೇರೆ ಬ್ರ್ಯಾಂಡ್‌ಗಳ ಲ್ಯಾಪ್‌ಟಾಪ್‌ಗಳಲ್ಲೂ ಇದೇ ಕಥೆ. ಮಾಡೆಲ್ ಹೆಸರು ನೋಡಿ ಸ್ಕ್ರೀನ್ ಯಾವುದು ಅಂತ ಹೇಳೋಕಾಗಲ್ಲ. ಮುಚ್ಚಳ ಮುಚ್ಚಿದ್ರೆ ಎಲ್ಲಾ ಒಂದೇ.

ಅಂಗಡಿಯಲ್ಲಿ ನಿಂತಾಗ ಮಾಡಬೇಕಾದ್ದು ಇಷ್ಟು.

ಒಂದು: ರೆಸಲ್ಯೂಷನ್ ಪಟ್ಟಿಯ ಜೊತೆಗೆ ‘ಅಡ್ವಾನ್ಸ್ಡ್ ಡಿಸ್‌ಪ್ಲೇ’ ಒಳಗೂ ಹೋಗಿ. ಅಲ್ಲಿ ‘ಡೆಸ್ಕ್‌ಟಾಪ್ ಮೋಡ್’ ಮತ್ತು ‘ಆಕ್ಟಿವ್ ಸಿಗ್ನಲ್ ಮೋಡ್’ ಅಂತ ಎರಡು ಸಾಲು ಇರುತ್ತೆ. ಎರಡೂ ಒಂದೇ ಇದ್ರೆ ಒಳ್ಳೇದು. ಬೇರೆ ಬೇರೆ ಇದ್ರೆ ಮಧ್ಯದಲ್ಲಿ ಯಾರೋ ಹಿಗ್ಗಿಸ್ತಿದ್ದಾರೆ ಇಲ್ಲಾ ಕುಗ್ಗಿಸ್ತಿದ್ದಾರೆ ಅಂತ ಅರ್ಥ. ಕೆಲವು ಗ್ರಾಫಿಕ್ಸ್ ಡ್ರೈವರ್‌ಗಳಲ್ಲಿ 1366×768 ಪ್ಯಾನೆಲ್ ಮೇಲೂ 1920×1080 ಅಂತ ತೋರಿಸೋ ಸೌಲಭ್ಯ ಇದೆ. ದೊಡ್ಡ ಚಿತ್ರ ಬರೆದು ಸಣ್ಣ ಪರದೆಗೆ ಕುಗ್ಗಿಸುತ್ತೆ, ಅಷ್ಟೆ. ಸಂಖ್ಯೆ ಫುಲ್ ಎಚ್‌ಡಿ, ಚುಕ್ಕಿ ಹಳೇದೇ.

ಎರಡು: ರೆಸಲ್ಯೂಷನ್ 1024×768 ಥರ ಏನೋ ತೋರಿಸ್ತಿದೆ, ಬದಲಾಯಿಸೋಕೂ ಬಿಡ್ತಿಲ್ಲ ಅಂದ್ರೆ ಗಾಬರಿ ಬೇಡ. ಹೊಸದಾಗಿ ವಿಂಡೋಸ್ ಹಾಕಿ ಗ್ರಾಫಿಕ್ಸ್ ಡ್ರೈವರ್ ಹಾಕಿರಲ್ಲ. ಡ್ರೈವರ್ ಹಾಕಿಸಿ, ಆಮೇಲೆ ನೋಡಿ. ನೋಡದೆ ದುಡ್ಡು ಕೊಡಬೇಡಿ.

ಮೂರು: ನೋಟ್‌ಪ್ಯಾಡ್ ತೆಗೆದು ಕನ್ನಡದಲ್ಲಿ ‘ದನ ಧನ ಬಾರ ಭಾರ ಸ್ತ್ರೀ’ ಅಂತ 11ರ ಗಾತ್ರದಲ್ಲಿ ಟೈಪ್ ಮಾಡಿ. ನೀವು ಮನೇಲಿ ಎಷ್ಟು ದೂರ ಕೂರ್ತೀರೋ ಅಷ್ಟೇ ದೂರದಿಂದ ಓದಿ. ನಿಮಗೆ ಬೇಕಾಗಿರೋದು ಓದೋಕೆ ಆಗೋ ಸ್ಕ್ರೀನ್. ಈ ಪರೀಕ್ಷೆಗೆ ಯಾವ ಆ್ಯಪ್ ಕೂಡ ಬೇಡ.

ನಾಲ್ಕು: ಬಿಲ್ ಮೇಲೆ ಮಾಡೆಲ್ ಜೊತೆ ‘ಪ್ಯಾನೆಲ್ 1920×1080’ ಅಂತ ಬರೆಸ್ಕೊಳ್ಳಿ. ಕಾಮರ್ಸ್ ಓದಿದೋರಿಗೆ ಇದು ಗೊತ್ತಿರುತ್ತೆ, ಬಾಯಿಮಾತಿಗೆ ವೋಚರ್ ಇಲ್ಲ. ಇಲ್ಲದ ಗುಣಮಟ್ಟ ಇದೆ ಅಂತ ಹೇಳಿ ಮಾರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆದ್ರೆ ದೂರು ನಿಲ್ಲಬೇಕಾದ್ರೆ ಕಾಗದದ ಮೇಲೆ ಬರೆದಿರಬೇಕು.

‘ಈಗ 768 ತಗೊಂಡು ಆಮೇಲೆ ಪ್ಯಾನೆಲ್ ಬದಲಾಯಿಸೋಣ’ ಅಂತ ಕೆಲವರು ಹೇಳ್ತಾರೆ. ಬದಲಾಯಿಸಬಹುದು. ಆದ್ರೆ ಒಳಗಿನ ಕೇಬಲ್, ಕನೆಕ್ಟರ್ ಹೊಸ ಪ್ಯಾನೆಲ್‌ಗೆ ಹೊಂದಬೇಕು, ಕೆಲವು ಸಲ ಕೇಬಲ್ಲೂ ಬದಲಾಯಿಸಬೇಕು. ಆ ಖರ್ಚನ್ನ ಮೊದಲೇ ಸೇರಿಸಿ ಎರಡು ರೇಟನ್ನ ಹೋಲಿಸಿ.

ಜಾಹೀರಾತಿನ ಪದಗಳು

‘ಎಚ್‌ಡಿ’ ಅಂತ ಮಾತ್ರ ಬರೆದಿದ್ರೆ ಅದು ಬಹುತೇಕ 1366×768. ಒಟ್ಟು ಸುಮಾರು 10.5 ಲಕ್ಷ ಪಿಕ್ಸೆಲ್. ‘ಎಚ್‌ಡಿ ಪ್ಲಸ್’ ಅಂದ್ರೆ 1600×900. ‘ಫುಲ್ ಎಚ್‌ಡಿ’ ಅಂದ್ರೆ 1920×1080, ಸುಮಾರು 20.7 ಲಕ್ಷ ಪಿಕ್ಸೆಲ್. ಅಂದ್ರೆ ‘ಫುಲ್’ ಅನ್ನೋ ಒಂದು ಪದ ಇದ್ರೆ ಚುಕ್ಕಿ ಎರಡರಷ್ಟು. ಈಗ ಹೊಸ ಲ್ಯಾಪ್‌ಟಾಪ್‌ಗಳಲ್ಲಿ 1920×1200 ಕೂಡ ಜಾಸ್ತಿ ಬರ್ತಿದೆ. ಅಡ್ಡಕ್ಕೆ ಅಷ್ಟೇ, ಉದ್ದಕ್ಕೆ 120 ಚುಕ್ಕಿ ಹೆಚ್ಚು. ಪಿಡಿಎಫ್ ಓದೋರಿಗೆ, ಅಕೌಂಟ್ಸ್ ಮಾಡೋರಿಗೆ ಇದು ಒಳ್ಳೇದು.

1366 ಅನ್ನೋ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತಾನೂ ಕೇಳ್ತಾರೆ. ಹಳೇ 1024×768ರ ಉದ್ದ ಹಾಗೇ ಇಟ್ಕೊಂಡು 16:9 ಅಗಲಕ್ಕೆ ಎಳೆದ್ರೆ 1365.33 ಬರುತ್ತೆ. ಕಾಲು-ಮುಕ್ಕಾಲು ಚುಕ್ಕಿ ಇಡೋಕಾಗಲ್ವಲ್ಲ, 1366 ಮಾಡಿದ್ರು.

ಎಚ್ಚರಿಕೆ ಬೇಕಾದ ಪದ ‘ಸಪೋರ್ಟ್ಸ್’. ‘ಸಪೋರ್ಟ್ಸ್ 4ಕೆ’ ಅಂತ ಲ್ಯಾಪ್‌ಟಾಪ್ ವಿವರದಲ್ಲಿದ್ರೆ, ಹೊರಗಿನ 4ಕೆ ಟಿವಿಗೆ ಕೇಬಲ್ ಹಾಕಿದ್ರೆ ಕಳಿಸಬಲ್ಲದು ಅಂತ ಅರ್ಥ ಇರಬಹುದು. ಅದರ ಸ್ವಂತ ಸ್ಕ್ರೀನ್ 4ಕೆ ಅಂತಲ್ಲ. ಅಗ್ಗದ ಪ್ರೊಜೆಕ್ಟರ್‌ಗಳಲ್ಲಿ ಇದು ಇನ್ನೂ ಜಾಸ್ತಿ. ‘1080 ಸಪೋರ್ಟೆಡ್’ ಅಂತ ದೊಡ್ಡದಾಗಿ ಇರುತ್ತೆ, ಕೆಳಗೆ ಸಣ್ಣಕ್ಷರದಲ್ಲಿ ನೇಟಿವ್ 800×480 ಇಲ್ಲಾ 1280×720 ಅಂತ ಇರುತ್ತೆ. ಊರಲ್ಲಿ ಐಪಿಎಲ್ ಫೈನಲ್‌ಗೆ ಪರದೆ ಕಟ್ಟೋ ಹುಡುಗರು ಇದನ್ನ ನೋಡ್ಕೊಳ್ಳಿ. ಒಪ್ಪಿಕೊಳ್ಳೋ ಸಿಗ್ನಲ್ ಬೇರೆ, ಇರೋ ಚುಕ್ಕಿ ಬೇರೆ. ಎಲ್ಲಿ ಹೋದ್ರೂ ‘ನೇಟಿವ್ ಎಷ್ಟು?’ ಅಂತ ಒಂದೇ ಪ್ರಶ್ನೆ ಕೇಳಿ.

ಮಂಡ್ಯದ ಪ್ರಶ್ನೆ: ಜಾಸ್ತಿ ಇದ್ದಷ್ಟೂ ಒಳ್ಳೇದಾ?

ಮಂಡ್ಯದಿಂದ ಒಬ್ಬ ಇಂಜಿನಿಯರಿಂಗ್ ಹುಡುಗ ಕೇಳಿದ್ದಾರೆ: “ನನ್ನ ಫೋನಲ್ಲೇ ಫುಲ್ ಎಚ್‌ಡಿಗಿಂತ ಜಾಸ್ತಿ ಇದೆ. ಲ್ಯಾಪ್‌ಟಾಪ್ 4ಕೆ ತಗೊಳ್ಲಾ?”

ಇಲ್ಲಿ ಎರಡನೇ ಲೆಕ್ಕ ಬರುತ್ತೆ, ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋದು. 6.5 ಇಂಚಿನ ಫೋನಲ್ಲಿ 1080×2400 ಇದ್ರೆ ಇಂಚಿಗೆ ಸುಮಾರು 405. 15.6 ಇಂಚಿನ ಲ್ಯಾಪ್‌ಟಾಪಲ್ಲಿ 1366×768 ಇದ್ರೆ ಸುಮಾರು 100. ಅದೇ ಗಾತ್ರಕ್ಕೆ ಫುಲ್ ಎಚ್‌ಡಿ ಇದ್ರೆ ಸುಮಾರು 141. ದಿನವಿಡೀ ಫೋನ್ ನೋಡಿದ ಕಣ್ಣಿಗೆ 100ರ ಸ್ಕ್ರೀನ್ ಒರಟಾಗಿ ಕಾಣೋದು ಸಹಜ.

ಆದ್ರೆ ಫೋನನ್ನ ಮುಖದಿಂದ ಒಂದು ಅಡಿಯಲ್ಲಿ ಹಿಡೀತೀವಿ, ಲ್ಯಾಪ್‌ಟಾಪ್ ಎರಡು ಅಡಿ ದೂರ ಇರುತ್ತೆ. ಕಣ್ಣಿನ ಡಾಕ್ಟರು 6/6 ಅಂತಾರಲ್ಲ, ಆ ದೃಷ್ಟಿ ಇರೋರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮ ವಿವರ ಗುರುತಿಸಬಲ್ಲರು ಅನ್ನೋದು ಅಳತೆ. ಎರಡು ಅಡಿ ದೂರಕ್ಕೆ ಅದನ್ನ ಲೆಕ್ಕ ಹಾಕಿದ್ರೆ ಇಂಚಿಗೆ ಸುಮಾರು 143 ಚುಕ್ಕಿ ಬರುತ್ತೆ. 15.6 ಇಂಚಿನ ಫುಲ್ ಎಚ್‌ಡಿ 141. ಹೆಚ್ಚುಕಮ್ಮಿ ಸರಿಹೋಯ್ತು! ಒಂದೂವರೆ ಅಡಿಗೆ ಬಗ್ಗಿ ಕೂರೋರಿಗೆ 190ರ ಆಸುಪಾಸು ಬೇಕು. ಆಗ 14 ಇಂಚಿನ ಫುಲ್ ಎಚ್‌ಡಿ, 1920×1200 ಕೂಡ 160ರ ಹತ್ತಿರ ಇರೋದ್ರಿಂದ ಸಾಕಷ್ಟು ಚೆನ್ನಾಗೇ ಇರುತ್ತೆ. 768 ಮಾತ್ರ ಎರಡು ಅಡಿಯಲ್ಲೂ ಕಮ್ಮಿ ಬೀಳುತ್ತೆ.

4ಕೆ ಅಂದ್ರೆ 3840×2160, ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕರಷ್ಟು ಪಿಕ್ಸೆಲ್. ಅಷ್ಟನ್ನೂ ಗ್ರಾಫಿಕ್ಸ್ ಚಿಪ್ ಬರೀಬೇಕು, ಬ್ಯಾಟರಿ ಜಾಸ್ತಿ ತಿನ್ನುತ್ತೆ, ದುಡ್ಡೂ ಜಾಸ್ತಿ. ಫೋಟೋ, ವಿಡಿಯೋ ಎಡಿಟಿಂಗ್ ಕಸುಬು ಇರೋರಿಗೆ ಸರಿ. ಕಾಲೇಜು ಪ್ರಾಜೆಕ್ಟ್, ಕೋಡಿಂಗ್, ಸಿನಿಮಾ ಅಂದ್ರೆ ಆ ದುಡ್ಡನ್ನ ರ್‍ಯಾಮ್‌ಗೆ, ಎಸ್‌ಎಸ್‌ಡಿಗೆ, ಇಲ್ಲಾ ಜಾಸ್ತಿ ಬೆಳಕಿನ ಐಪಿಎಸ್ ಪ್ಯಾನೆಲ್‌ಗೆ ಹಾಕಿ.

ಗೇಮ್ ಆಡೋರಿಗೆ ಒಂದು ಮಾತು. ಗೇಮ್ ಒಳಗೆ ರೆಸಲ್ಯೂಷನ್ ಇಳಿಸಿ ಆಡಬಹುದು, ತಪ್ಪಿಲ್ಲ. ಓಡೋ ಚಿತ್ರದಲ್ಲಿ ಮಬ್ಬು ಅಷ್ಟು ಕಾಣಲ್ಲ, ಯೂಟ್ಯೂಬ್ ವಿಡಿಯೋ 720ರಲ್ಲಿ ಹಾಕಿದ್ರೂ ನಡೆಯುತ್ತಲ್ಲ, ಹಾಗೆ. ನೇಟಿವ್ ನಿಯಮ ಗಟ್ಟಿಯಾಗಿ ಬೇಕಾಗಿರೋದು ಅಕ್ಷರಕ್ಕೆ. ಗೇಮ್ ಒಳಗೆ ಇಳಿಸಿ, ವಿಂಡೋಸ್‌ನಲ್ಲಿ ಇಳಿಸಬೇಡಿ.

ಚೊಕ್ಕಟ ಬೇರೆ, ಜಾಗ ಬೇರೆ

ಇಲ್ಲಿ ನಾನೂ ಮೊದಲು ಎಡವಿದ್ದೆ. ಫುಲ್ ಎಚ್‌ಡಿ ತಗೊಂಡ್ರೆ ಸ್ಕ್ರೀನಲ್ಲಿ ಜಾಗ ಜಾಸ್ತಿ ಸಿಗುತ್ತೆ ಅಂತಾರೆ. ಅರ್ಧ ನಿಜ.

ಎಕ್ಸೆಲ್‌ನಲ್ಲಿ ಒಂದು ಸಾಮಾನ್ಯ ಕಾಲಂ 64 ಪಿಕ್ಸೆಲ್ ಅಗಲ. 1366ರಲ್ಲಿ ಸುಮಾರು 20 ಕಾಲಂ ಹಿಡಿಯುತ್ತೆ. 1920ರಲ್ಲಿ 100% ಸ್ಕೇಲ್ ಇಟ್ರೆ ಸುಮಾರು 29. ಆದ್ರೆ 15.6 ಇಂಚಲ್ಲಿ 100% ಇಟ್ರೆ ಅಕ್ಷರ ಚಿಕ್ಕದು, ಹಾಗಾಗಿ ಬಹಳ ಜನ 125% ಇಡ್ತಾರೆ. ಆಗ ಜಾಗದ ಲೆಕ್ಕದಲ್ಲಿ ನಿಮಗೆ ಸಿಗೋದು 1536×864ರಷ್ಟು, ಅಂದ್ರೆ ಸುಮಾರು 23 ಕಾಲಂ. ಚಿಕ್ಕಪ್ಪನ ಥರ 150% ಇಟ್ರೆ 1280×720ರಷ್ಟು, 19 ಕಾಲಂ. 768ರ ಲ್ಯಾಪ್‌ಟಾಪ್‌ಗಿಂತಲೂ ಕಮ್ಮಿ!

ಹಾಗಾದ್ರೆ ದುಡ್ಡು ದಂಡ ಆಯ್ತಾ? ಇಲ್ಲ. ಜಾಗ ಕಮ್ಮಿ ಆಯ್ತು, ಚೊಕ್ಕಟ ಉಳೀತು. ಚುಕ್ಕಿಗಳು ಒಂದು ಕೈಚೀಲದ ದುಡ್ಡಿದ್ದ ಹಾಗೆ. ಅದನ್ನ ಜಾಗಕ್ಕೂ ಖರ್ಚು ಮಾಡಬಹುದು, ಅಕ್ಷರದ ಸ್ಪಷ್ಟತೆಗೂ ಖರ್ಚು ಮಾಡಬಹುದು. ಎಳೇ ಕಣ್ಣಿನ ವಿದ್ಯಾರ್ಥಿ 100% ಇಟ್ಟು ಜಾಗ ತಗೊಳ್ಳಲಿ, ಐವತ್ತು ದಾಟಿದೋರು 150% ಇಟ್ಟು ಸ್ಪಷ್ಟತೆ ತಗೊಳ್ಳಲಿ. 768ರ ಪ್ಯಾನೆಲ್‌ನಲ್ಲಿ ಆ ಆಯ್ಕೆಯೇ ಇಲ್ಲ. ಅಲ್ಲಿ ಸ್ಕೇಲ್ ಹೆಚ್ಚಿಸಿದ್ರೆ ಕೆಲವು ಪುಟಗಳ ‘ಸಬ್‌ಮಿಟ್’ ಬಟನ್ ಸ್ಕ್ರೀನಿಂದ ಕೆಳಗೆ ಜಾರಿಹೋಗುತ್ತೆ.

ಮ್ಯಾಕ್‌ಬುಕ್‌ನೋರು ‘ನಮ್ಮದು 1440×900 ಅಂತ ತೋರಿಸುತ್ತೆ’ ಅಂತ ಕೇಳ್ತೀರಾ. 2020ರ ಎಂ1 ಏರ್‌ನ ನೇಟಿವ್ 2560×1600. 1440×900 ಅನ್ನೋದು ಜಾಗದ ಲೆಕ್ಕ, ಚುಕ್ಕಿಯ ಲೆಕ್ಕ ಅಲ್ಲ. ಆ್ಯಪಲ್ ರೆಸಲ್ಯೂಷನ್ ಮತ್ತು ಸ್ಕೇಲನ್ನ ಒಂದೇ ಪಟ್ಟಿಯಲ್ಲಿ ಸೇರಿಸಿಬಿಟ್ಟಿದೆ, ಅಷ್ಟೆ.

ಕಡೇದಾಗಿ ಒಂದು ಕಾಲೇಜು ತೊಂದರೆ. ಸೆಮಿನಾರ್ ದಿನ ಪ್ರೊಜೆಕ್ಟರ್‌ಗೆ ಕೇಬಲ್ ಹಾಕಿದ ತಕ್ಷಣ ನಿಮ್ಮ ಲ್ಯಾಪ್‌ಟಾಪ್ ಸ್ಕ್ರೀನೂ ಮಬ್ಬಾಗುತ್ತೆ. ಯಾಕಂದ್ರೆ ‘ಡ್ಯೂಪ್ಲಿಕೇಟ್’ ಮೋಡಲ್ಲಿ ಎರಡಕ್ಕೂ ಒಂದೇ ರೆಸಲ್ಯೂಷನ್ ಬೇಕು, ಪ್ರೊಜೆಕ್ಟರ್‌ನದ್ದು ಕಮ್ಮಿ ಇದ್ರೆ ಲ್ಯಾಪ್‌ಟಾಪೂ ಇಳಿಯುತ್ತೆ. ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿ. ಪ್ರತಿಯೊಂದೂ ಅದರದರ ನೇಟಿವ್‌ನಲ್ಲಿ ಓಡುತ್ತೆ.

ಹೊರಡೋ ಮುಂಚೆ

ನೆನಪಿಡೋಕೆ ಮೂರೇ ಮಾತು. ಕೊಳ್ಳೋವಾಗ ‘ನೇಟಿವ್ ಎಷ್ಟು’ ಅಂತ ಕೇಳಿ, ಕಣ್ಣಾರೆ ನೋಡಿ, ಬಿಲ್ಲಲ್ಲಿ ಬರೆಸಿ. 14-15 ಇಂಚಿಗೆ 1920×1080 ಇಲ್ಲಾ 1920×1200 ಕನಿಷ್ಠ ಅಂತ ಇಟ್ಕೊಳ್ಳಿ. ಕೊಂಡ ಮೇಲೆ ಅಕ್ಷರ ಚಿಕ್ಕದು ಅನ್ಸಿದ್ರೆ ಸ್ಕೇಲ್ ಬದಲಾಯಿಸಿ, ರೆಸಲ್ಯೂಷನ್ ಮುಟ್ಟಬೇಡಿ.

ಮದ್ದೂರಿನ ವಿದ್ಯಾರ್ಥಿನಿ ಎಸ್.ಪಿ. ರೋಡಿಗೆ ಹೋಗಿ ಬಂದ್ರು. ಕಮ್ಮಿ ರೇಟು ಹೇಳಿದ ಕಡೆ ‘ಅಡ್ವಾನ್ಸ್ಡ್ ಡಿಸ್‌ಪ್ಲೇ’ ತೆಗೆದು ನೋಡಿದ್ರಂತೆ, 1366×768. ಸ್ವಲ್ಪ ಜಾಸ್ತಿ ಕೊಟ್ಟು ಇನ್ನೊಂದು ಕಡೆ ಫುಲ್ ಎಚ್‌ಡಿ ತಗೊಂಡು, ‘ದನ ಧನ’ ಟೈಪ್ ಮಾಡಿದ ಫೋಟೋ ಕಳಿಸಿದ್ದಾರೆ. ಸೀಳು ಚೆನ್ನಾಗಿ ಕಾಣ್ತಿದೆ.

ಆ ಅಜ್ಜಿಯ ಅರ್ಜಿ ಎರಡನೇ ಸಲ ಹೋಗಿದೆ. ಈ ಸಲ ಚಿಕ್ಕಪ್ಪ ಕಳಿಸೋ ಮುಂಚೆ ನನ್ನನ್ನೂ ಕರೆದು ಓದಿಸಿದ್ರು. ‘ಧ’ ಸರಿಯಾಗೇ ಇತ್ತು.

ನಿಮ್ಮ ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ, ಬರ್ಲಾ? ನಮಸ್ಕಾರ.